ನೂರಿಪ್ಪತ್ತೈದು, ನೂರು, ಸೊನ್ನೆ

ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗಕ್ಕೆ ಕನ್ನಡ ಪಾಠ ಮಾಡುವವರೆಲ್ಲ ಕಾಲಕ್ರಮೇಣ ಒಂದು ವಿದ್ಯೆ ಕಲಿಯುತ್ತಾರೆ: ಕೆಲವು ಬೆಂಚುಗಳ ಕಡೆ ನೋಡದೆ ಪಾಠ ಮುಗಿಸುವುದು. ಆ ಬೆಂಚುಗಳಲ್ಲಿ ಕನ್ನಡದ ಪಠ್ಯಪುಸ್ತಕ ಮೇಲಿರುತ್ತದೆ, ಅದರಡಿ ಸಿಇಟಿಯದೋ ನೀಟ್‌ನದೋ ದಪ್ಪ ಪುಸ್ತಕ ತೆರೆದಿರುತ್ತದೆ. ವಿಜಯನಗರದ ಖಾಸಗಿ ಕಾಲೇಜೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ನಾನು ಈ ವಿದ್ಯೆಯನ್ನು ರೂಢಿಸಿಕೊಂಡಿದ್ದೇನೆ. ಹೋದ ವರ್ಷ ನವೆಂಬರಿನಲ್ಲಿ ಒಂದು ದಿನ ಮಾತ್ರ ತಡೆಯಲಾರದೆ ಒಬ್ಬಳನ್ನು ಕೇಳಿಬಿಟ್ಟೆ. "ಏನಮ್ಮಾ, ಕುಮಾರವ್ಯಾಸನಿಗಿಂತ ಥರ್ಮೋಡೈನಮಿಕ್ಸ್ ಅಷ್ಟು ರುಚಿಯಾಗಿದೆಯಾ?" ಹುಡುಗಿ ಹೆದರಲಿಲ್ಲ, ಉದ್ಧಟತನವನ್ನೂ ತೋರಲಿಲ್ಲ. ಎದ್ದು ನಿಂತು, "ಸಾರ್, ಕನ್ನಡ ನಂಗಿಷ್ಟಾನೇ. ಆದ್ರೆ ಇದಕ್ಕೆ ವೆಯ್ಟೇಜ್ ಇಲ್ವಲ್ಲ ಸಾರ್" ಅಂದಳು.

ಆ ಹುಡುಗಿ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಂದು ಸಂಜೆ ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತುವಾಗಲೂ ಆ ಮಾತು ತಲೆಯಲ್ಲೇ ಇತ್ತು. ಯಾವುದಕ್ಕೆ ಎಷ್ಟು ತೂಕ ಎಂದು ನಿರ್ಧರಿಸುವುದು ವಿಮರ್ಶಕನ ಕೆಲಸ ಎಂದು ನಾವು ಸಾಹಿತ್ಯದವರು ನಂಬಿಕೊಂಡಿದ್ದೇವೆ. ಆದರೆ ನಮ್ಮ ಮಕ್ಕಳ ಪಾಲಿಗೆ ಆ ಕೆಲಸವನ್ನು ಯಾವಾಗಲೋ ಒಂದು ಸೂತ್ರ ಮಾಡಿ ಮುಗಿಸಿದೆ. ಕವಿತೆಯನ್ನೋ ಕಾದಂಬರಿಯನ್ನೋ ಓದುವ ಹಾಗೆ ಆ ಸೂತ್ರವನ್ನು ಓದಿದರೆ ಹೇಗೆ ಅನಿಸಿತು. ಅದು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು? ಯಾರ ಬಗ್ಗೆ ಸುಮ್ಮನಿದೆ? ಈ ಬರಹ ಅಂಥ ಒಂದು ಓದು. ಕೊನೆಗೆ ಅದು ನನ್ನ ಕಾಲಿಗೇ ಬಂದು ಸುತ್ತಿಕೊಂಡಿತು, ಅದನ್ನೂ ಹೇಳುತ್ತೇನೆ.

ಮೊದಲು ಲೆಕ್ಕ. ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು 625 ಅಂಕ. ಅದರಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಅಂದರೆ ಕನ್ನಡವನ್ನು ಪ್ರಥಮ ಭಾಷೆಯಾಗಿ ಓದಿದ ಮಗುವಿನ ಫಲಿತಾಂಶದಲ್ಲಿ ಐದನೇ ಒಂದು ಪಾಲು ಕನ್ನಡದ್ದು. ಗಣಿತಕ್ಕಿಂತ, ವಿಜ್ಞಾನಕ್ಕಿಂತ ಹೆಚ್ಚು. ರಾಜಾಜಿನಗರದ, ಬಸವೇಶ್ವರನಗರದ ಬೇಡಿಕೆಯ ಪಿಯು ಕಾಲೇಜುಗಳು ಫಲಿತಾಂಶ ಬಂದ ವಾರದಲ್ಲಿ ಕಟ್-ಆಫ್ ಪಟ್ಟಿ ಅಂಟಿಸುತ್ತವಲ್ಲ, ಆ ಶೇಕಡಾವಾರಿನೊಳಗೆ ಕನ್ನಡ ಗಟ್ಟಿಯಾಗಿ ಕೂತಿರುತ್ತದೆ. ಪಿಯುಸಿಗೆ ಬಂದರೆ ಒಟ್ಟು 600, ಆರೂ ವಿಷಯಕ್ಕೆ ಸಮನಾಗಿ 100. ಕನ್ನಡ ಆರನೇ ಒಂದು ಪಾಲಿಗೆ ಇಳಿಯಿತು. ಅಲ್ಲಿಂದ ಎಂಜಿನಿಯರಿಂಗ್ ಸೀಟಿನ ಸಾಲಿಗೆ ಬನ್ನಿ. ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ 300 ಅಂಕಗಳಿಗೆ ಅರ್ಧ ತೂಕ. ಸಿಇಟಿಯಲ್ಲಿ ಅದೇ ಮೂರು ವಿಷಯಗಳ 180 ಅಂಕಗಳಿಗೆ ಇನ್ನರ್ಧ. ಭಾಷೆಗಳೆರಡೂ ಲೆಕ್ಕಕ್ಕಿಲ್ಲ. ಕನ್ನಡದಲ್ಲಿ 98 ಬಂದವನಿಗೂ ಪಾಸಾಗುವಷ್ಟೇ ಬಂದವನಿಗೂ ರ‍್ಯಾಂಕಿನಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಮೆಡಿಕಲ್‌ಗೆ ಹೋಗುವವರಿಗೆ ನೀಟ್ ಬಂದ ಮೇಲೆ ಪಿಯುಸಿಯ ಅಂಕಗಳೇ ಬರೀ ಅರ್ಹತೆಯ ಗೆರೆಯಾದವು, ಇನ್ನು ಭಾಷೆಯ ಮಾತೆಲ್ಲಿ ಬಂತು.

125, 100, 0. ಹದಿನಾರನೇ ವಯಸ್ಸಿನಿಂದ ಹದಿನೆಂಟರೊಳಗೆ ಈ ಮೂರು ಮೆಟ್ಟಿಲು ಇಳಿದುಬಿಡುತ್ತವೆ.

ಮೇಲಿನ ಮೆಟ್ಟಿಲಿನ 125 ಸುಮ್ಮನೆ ಬಂದದ್ದಲ್ಲ. 1980ರಲ್ಲಿ ಪ್ರೌಢಶಾಲೆಯ ಭಾಷಾ ನೀತಿಯ ಬಗ್ಗೆ ವಿ.ಕೃ. ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿಯಾಯಿತು. 1981ರ ಜನವರಿಯಲ್ಲಿ ಬಂದ ಅದರ ವರದಿ, ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕು, ಅದಕ್ಕೆ 150 ಅಂಕ ಇರಬೇಕು ಎಂದಿತು. ವರದಿ ಜಾರಿಯಾಗಲಿ ಎಂದು ಸಾಹಿತಿಗಳು ಬೀದಿಗಿಳಿದರು, 1982ರಲ್ಲಿ ಡಾ. ರಾಜಕುಮಾರ್ ಬಂದ ಮೇಲೆ ಅದು ಜನರ ಚಳವಳಿಯಾಯಿತು. 150 ಎಂಬುದು ಚೌಕಾಸಿಯಲ್ಲಿ ಕರಗಿ ಕೊನೆಗೆ 125 ಉಳಿಯಿತು. ಗೋಕಾಕ್ ಚಳವಳಿಯನ್ನು ನಾವು ಅಸ್ಮಿತೆ, ಸ್ವಾಭಿಮಾನ ಮುಂತಾದ ದೊಡ್ಡ ಪದಗಳಲ್ಲಿ ನೆನೆಯುತ್ತೇವೆ. ಅದು ಮೂಲತಃ ಒಂದು ಅಂಕಪಟ್ಟಿಯ ಜಗಳವಾಗಿತ್ತು ಎಂಬುದು ಮರೆತುಹೋಗಿದೆ. ಅಂಕವಿಲ್ಲದ ಭಾಷೆಯನ್ನು ಮಕ್ಕಳು ಓದುವುದಿಲ್ಲ ಎಂಬ ಸರಳ ಸತ್ಯ ಆ ಹಿರಿಯರಿಗೆ ತಿಳಿದಿತ್ತು. ನನ್ನ ತರಗತಿಯ ಹುಡುಗಿ ಹೇಳಿದ್ದೂ ಅದನ್ನೇ. ಹತ್ತನೇ ತರಗತಿಯ ಬಾಗಿಲಲ್ಲಿ ಗೆದ್ದದ್ದನ್ನು ಹನ್ನೆರಡನೇ ತರಗತಿಯ ಬಾಗಿಲಲ್ಲಿ ಯಾರೂ ಕೇಳಲೇ ಇಲ್ಲ. 1994ರಲ್ಲಿ ಸಿಇಟಿ ಶುರುವಾದಾಗ ಯಾವ ಕವಿಯೂ ಮೆರವಣಿಗೆ ಹೊರಟ ನೆನಪು ನನಗಿಲ್ಲ.

(ಒಂದು ಉಪಕಥೆ. ಪಿಯುಸಿಯಲ್ಲಿ ಇರುವ ಆ 100 ಅಂಕಕ್ಕೂ ಪೈಪೋಟಿ ಇದೆ. ಅಂಕದ ಆಸೆಗೆ ಸಂಸ್ಕೃತ ತೆಗೆದುಕೊಳ್ಳುವ ಮಕ್ಕಳು ಪ್ರತಿ ಸೆಕ್ಷನ್ನಿನಲ್ಲೂ ಇದ್ದಾರೆ. ಸಂಸ್ಕೃತದ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಬರೆದು ಕನ್ನಡದವರಿಗಿಂತ ಹೆಚ್ಚು ಅಂಕ ಪಡೆಯುವ ಚಮತ್ಕಾರವನ್ನು ನಾನು ಪ್ರತಿ ವರ್ಷ ಸ್ಟಾಫ್‌ರೂಮಿನಲ್ಲಿ ಕೂತು ನೋಡುತ್ತೇನೆ. ಸಂಸ್ಕೃತದ ಸಹೋದ್ಯೋಗಿ ಒಳ್ಳೆಯವರು, ನಾವಿಬ್ಬರೂ ಒಂದೇ ಫ್ಲಾಸ್ಕಿನ ಕಾಫಿ ಹಂಚಿಕೊಳ್ಳುತ್ತೇವೆ. ದೂರು ಅವರ ಮೇಲಲ್ಲ.)

ಸೂತ್ರದ ಇನ್ನೊಂದು ಗುಣ ನನಗೆ ಕಂಡದ್ದು 2022ರಲ್ಲಿ. ಅದರ ಹಿಂದಿನ ವರ್ಷ ಕೊರೋನಾದಿಂದ ಪಿಯುಸಿ ಪರೀಕ್ಷೆ ನಡೆಯಲಿಲ್ಲ. ಎಸ್ಸೆಸ್ಸೆಲ್ಸಿಗೆ ಶೇ. 45, ಪ್ರಥಮ ಪಿಯುಸಿಗೆ ಶೇ. 45, ಆಂತರಿಕ ಮೌಲ್ಯಮಾಪನಕ್ಕೆ ಶೇ. 10 ತೂಕ ಕೊಟ್ಟು ಫಲಿತಾಂಶ ಕಟ್ಟಿದರು. ಎಲ್ಲರೂ ಪಾಸು, 600ಕ್ಕೆ 600 ಬಂದವರೇ 2,239 ಮಂದಿ. ಆ ವರ್ಷ ಸಿಇಟಿ ರ‍್ಯಾಂಕಿಗೆ ಸಿಇಟಿ ಅಂಕ ಮಾತ್ರ ಸಾಕು ಎಂದಾಯಿತು. ಸಮಸ್ಯೆ ಬಂದದ್ದು ಅವರಲ್ಲಿ ಸುಮಾರು 24 ಸಾವಿರ ಮಂದಿ 2022ರಲ್ಲಿ ಮತ್ತೆ ಸಿಇಟಿ ಬರೆದಾಗ. ಹೊಸಬರಿಗೆ ಅರ್ಧ ಪಿಯುಸಿ ಅರ್ಧ ಸಿಇಟಿ, ನಿಮಗೆ ಮಾತ್ರ ಬರೀ ಸಿಇಟಿ ಎಂದು ಪರೀಕ್ಷಾ ಪ್ರಾಧಿಕಾರ ಹೇಳಿತು. ಮೊದಲೇ ಗೊತ್ತಿದ್ದರೆ ಹೀಗೆ ಒಂದು ವರ್ಷ ಕಳೆಯುತ್ತಿರಲಿಲ್ಲ ಎಂದು ಮಕ್ಕಳು ಅತ್ತರು. ಸೆಪ್ಟೆಂಬರ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಮಕ್ಕಳ ಪರವಾಗಿ ತೀರ್ಪು ಕೊಟ್ಟಿತು. ಹಾಗೆ ಮಾಡಿದರೆ 2022ರಲ್ಲಿ ನಿಜವಾಗಿ ಪರೀಕ್ಷೆ ಬರೆದವರಿಗೆ ಅನ್ಯಾಯ ಎಂದು ಸರ್ಕಾರ ಮೇಲ್ಮನವಿ ಹೋಯಿತು. ಕೊನೆಗೆ 2021ರವರ ಪಿಯು ಅಂಕಗಳಲ್ಲಿ ಒಂದಷ್ಟು ಕಳೆದು ಲೆಕ್ಕಕ್ಕೆ ಹಿಡಿಯುವ ರಾಜಿಸೂತ್ರಕ್ಕೆ ವಿಭಾಗೀಯ ಪೀಠ ಒಪ್ಪಿತು. ಆ ದಿನಗಳಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ರ‍್ಯಾಂಕು ತಿಂಗಳೊಳಗೆ ಎರಡು ಸಲ ಬದಲಾಯಿತು. ಅವಳು ಆ ತಿಂಗಳು ಏನೂ ಓದಿರಲಿಲ್ಲ, ಏನೂ ಮರೆತಿರಲಿಲ್ಲ. ಅವಳ ತಾಯಿ ಕಾಲೇಜಿಗೆ ಬಂದು, "ನಮ್ ಹುಡುಗಿ ಬುದ್ವಂತೆನಾ ಅಲ್ವಾ, ಅದಷ್ಟು ಹೇಳಿಬಿಡಿ ಸಾರ್" ಅಂದರು. ಏನು ಹೇಳಬಹುದಿತ್ತು?

ಇಷ್ಟು ಓದಿದ ಯಾರಿಗಾದರೂ ಅನಿಸುವುದು ಒಂದೇ. ಅಂಕದ ಆಚೆಗೂ ಮನುಷ್ಯ ಇರುತ್ತಾನಲ್ಲ, ಅವನನ್ನು ನೋಡಿ ಸೀಟು ಕೊಡಬಾರದೇ? ಅವನ ಓದು, ಮಾತು, ಆಸಕ್ತಿ, ಗುಣ ನೋಡಬಾರದೇ? ನನಗೂ ಹಾಗೇ ಅನಿಸುತ್ತಿತ್ತು. ಸಾಹಿತ್ಯದವರಿಗೆ ಈ ಆಸೆ ತುಸು ಹೆಚ್ಚೇ, ಯಾಕೆಂದರೆ ಹಾಗೆ ನೋಡತೊಡಗಿದರೆ ನಮ್ಮ ಸರಕಿಗೂ ಬೆಲೆ ಬರುತ್ತದೆ.

ಇದನ್ನು ನಮ್ಮ ರಾಜ್ಯ ಆರು ದಶಕಗಳ ಹಿಂದೆಯೇ ಮಾಡಿ ನೋಡಿದೆ. ಕಾಲೇಜು ಪ್ರವೇಶದ ಬಗ್ಗೆ ದೇಶದ ದೊಡ್ಡ ತೀರ್ಪುಗಳಲ್ಲಿ ಅನೇಕವು ಇಲ್ಲಿಂದ ಹೋದ ಮೊಕದ್ದಮೆಗಳು ಎಂಬುದು ಕಾನೂನು ಓದಿದವರಿಗೆ ಗೊತ್ತು. ಮೀಸಲಾತಿ ಅರ್ಧವನ್ನು ದಾಟಬಾರದು ಎಂದ 1962ರ ಬಾಲಾಜಿ ಪ್ರಕರಣ ಮೈಸೂರು ರಾಜ್ಯದ್ದು. ಹೊರರಾಜ್ಯದವರಿಗೆ ವರ್ಷಕ್ಕೆ 60 ಸಾವಿರ ಶುಲ್ಕ ನಿಗದಿಯಾಗಿದ್ದ ಕಾಲದಲ್ಲಿ, ಅದನ್ನು ತೆರಲಾಗದ ಹುಡುಗಿ ತುಮಕೂರಿನ ಖಾಸಗಿ ಮೆಡಿಕಲ್ ಕಾಲೇಜೊಂದರ ಬಾಗಿಲಿನಿಂದ ಸುಪ್ರೀಂ ಕೋರ್ಟಿಗೆ ಹೋದದ್ದು ಮೋಹಿನಿ ಜೈನ್ ಪ್ರಕರಣ, 1992. ನನಗೆ ಇವೆಲ್ಲಕ್ಕಿಂತ ಹೆಚ್ಚು ಓದಬೇಕೆನಿಸುವುದು ನಡುವಿನ ಒಂದು, 1964ರ ಜನವರಿಯಲ್ಲಿ ತೀರ್ಮಾನವಾದ ಚಿತ್ರಲೇಖಾ ಪ್ರಕರಣ.

1963ರಲ್ಲಿ ಮೈಸೂರು ಸರ್ಕಾರ ಮೆಡಿಕಲ್, ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶಕ್ಕೆ ಸಂದರ್ಶನ ಕಡ್ಡಾಯ ಮಾಡಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇ. 25ರಷ್ಟು ಅಂಕ ಸಂದರ್ಶನಕ್ಕೆ. ಏನನ್ನು ನೋಡಿ ಕೊಡಬೇಕು ಎಂದು ಐದು ಬಾಬುಗಳು: ಸಾಮಾನ್ಯ ಜ್ಞಾನ, ಅಭಿರುಚಿ ಮತ್ತು ವ್ಯಕ್ತಿತ್ವ, ಹಿಂದಿನ ವಿದ್ಯಾಭ್ಯಾಸದಲ್ಲಿ ಪಡೆದ ವಿಶೇಷ ಗೌರವಗಳು, ಎನ್‌ಸಿಸಿ ಮುಂತಾದವು, ಕ್ರೀಡೆ, ಸಮಾಜಸೇವೆ, ಚರ್ಚಾಸ್ಪರ್ಧೆ, ನಾಟಕದಂಥ ಪಠ್ಯೇತರ ಚಟುವಟಿಕೆ. ಓದಿದರೆ ಎಷ್ಟು ಹಿತವಾಗಿದೆ! ನಾಟಕವೂ ಇದೆ. ಇಂದಿನ ಸಿಇಟಿ ಕೈಪಿಡಿಯ ಪಕ್ಕ ಇಟ್ಟರೆ ಇದು ನಾಗರಿಕತೆಯ ದಾಖಲೆಯಂತೆ ಕಾಣುತ್ತದೆ.

ಆದರೆ ಆ ಕೋಣೆಗಳಲ್ಲಿ ಆದದ್ದೇ ಬೇರೆ. ತಮಗಿಂತ ಕಡಿಮೆ ಅಂಕ ಪಡೆದವರು ಸಂದರ್ಶನದ ಬಲದಿಂದ ಮುಂದೆ ಹೋದರು ಎಂದು ಸೀಟು ಸಿಗದವರು ಕೋರ್ಟಿಗೆ ಹೋದರು. ಆಯ್ಕೆ ಸಮಿತಿಗಳು ತಮಗಿತ್ತ ಅಧಿಕಾರವನ್ನು ದುರುಪಯೋಗ ಮಾಡಿಕೊಂಡಿವೆ ಎಂದು ಕಂಡುಕೊಂಡ ಮೈಸೂರು ಹೈಕೋರ್ಟ್, ನಡೆದ ಸಂದರ್ಶನಗಳನ್ನು ರದ್ದು ಮಾಡಿ ಹೊಸದಾಗಿ ನಡೆಸಿ ಎಂದಿತು. ಸುಪ್ರೀಂ ಕೋರ್ಟಿನಲ್ಲಿ ಬಹುಮತದ ತೀರ್ಪು ಬರೆದ ಸುಬ್ಬರಾವ್ ಅವರು ಸಂದರ್ಶನ ಎಂಬ ಪದ್ಧತಿಯನ್ನೇ ತಪ್ಪೆನ್ನಲು ಬರುವುದಿಲ್ಲ ಎಂದರು. ಮುಧೋಳ್ಕರ್ ಭಿನ್ನಮತ ಬರೆದರು. ಕಾನೂನಿನ ಜಿಜ್ಞಾಸೆ ಬಲ್ಲವರು ಮಾಡಲಿ. ನನ್ನನ್ನು ಹಿಡಿದು ನಿಲ್ಲಿಸುವುದು ಎರಡನೇ ಬಾಬಿನ ಆ ಪದ, ವ್ಯಕ್ತಿತ್ವ. ಮಿಕ್ಕ ನಾಲ್ಕಕ್ಕೆ ಸರ್ಟಿಫಿಕೇಟು ತೋರಿಸಬಹುದು, ಪ್ರಶ್ನೆ ಕೇಳಿ ಪರೀಕ್ಷಿಸಬಹುದು. ವ್ಯಕ್ತಿತ್ವಕ್ಕೆ ಎದುರಿಗೆ ಕೂತವರ ಮೆಚ್ಚುಗೆಯೊಂದೇ ಸಾಕ್ಷಿ. 1963ರಲ್ಲಿ ಎದುರಿಗೆ ಕೂತವರು ಯಾವ ಮನೆಗಳಿಂದ ಬಂದಿದ್ದರು, ಯಾರ ಮಾತಿನ ಧಾಟಿ ಅವರಿಗೆ ವ್ಯಕ್ತಿತ್ವದಂತೆ ಕೇಳಿಸಿರಬಹುದು ಎಂದು ಊಹಿಸಲು ಇತಿಹಾಸಕಾರ ಬೇಕಿಲ್ಲ.

ದೂರದ ಅಮೆರಿಕದಲ್ಲೂ ಕತೆ ಇದೇ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳು ಶೀಲ, ವ್ಯಕ್ತಿತ್ವ ಎಂದು ಅರ್ಜಿಗಳಲ್ಲಿ ನೋಡತೊಡಗಿದ್ದು 1920ರ ದಶಕದಲ್ಲಿ, ಪರೀಕ್ಷೆಯಲ್ಲಿ ಗೆದ್ದು ಬರುತ್ತಿದ್ದ ಯಹೂದಿ ಹುಡುಗರ ಸಂಖ್ಯೆ ಕುಗ್ಗಿಸಲು. ಇದನ್ನು ಜೆರೋಮ್ ಕ್ಯಾರಬೆಲ್ ಎಂಬ ಸಮಾಜಶಾಸ್ತ್ರಜ್ಞ 2005ರಲ್ಲಿ ದಪ್ಪ ಪುಸ್ತಕವನ್ನೇ ಬರೆದು ತೋರಿಸಿದ. ನೂರು ವರ್ಷದ ನಂತರ, 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಹಾರ್ವರ್ಡ್ ಪ್ರಕರಣದಲ್ಲೂ ಏಷ್ಯಾ ಮೂಲದ ಮಕ್ಕಳಿಗೆ 'ವ್ಯಕ್ತಿತ್ವ'ದ ಅಂಕ ಕಡಿಮೆ ಬಿದ್ದದ್ದು ವಾದದ ಒಂದು ಭಾಗವಾಗಿತ್ತು. ನಮ್ಮ ಕಡೆಯ ಸಾಫ್ಟ್‌ವೇರ್ ಎಂಜಿನಿಯರುಗಳ ಮಕ್ಕಳೂ ಆ ಏಷ್ಯಾ ಮೂಲದವರಲ್ಲಿ ಸೇರಿದ್ದಾರೆ. ಇಲ್ಲಿ ಅವರ ಅಪ್ಪಂದಿರನ್ನು ಗೆಲ್ಲಿಸಿದ್ದು ಸಿಇಟಿಯ ಮುಖವಿಲ್ಲದ ರ‍್ಯಾಂಕು ಎಂಬುದು ಬೇರೆ ಮಾತು.

ಇನ್ನು ನನ್ನ ಕೋಣೆಯ ವಿಷಯ.

ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನ ಆಡಳಿತ ಮಂಡಳಿ ತನ್ನ ಪಾಲಿನ ಸೀಟುಗಳಲ್ಲಿ ಹತ್ತನ್ನು 'ಪ್ರತಿಭಾ ಸೀಟು' ಎಂದು ತೆಗೆದಿಟ್ಟಿತು. ಕಟ್-ಆಫ್‌ಗಿಂತ ಎರಡು ಮೂರು ಅಂಕ ಕಡಿಮೆ ಬಂದ, ಆದರೆ ಬೇರೆ ಪ್ರತಿಭೆಯಿರುವ ಮಕ್ಕಳಿಗೆ. ಈ ಯೋಜನೆಗಾಗಿ ಸಭೆಗಳಲ್ಲಿ ಹೆಚ್ಚು ವಾದ ಮಾಡಿದವನು ನಾನೇ. ಸಮಿತಿಯಲ್ಲಿ ಮೂವರಿದ್ದೆವು. ಮೊದಲ ವರ್ಷ ಹತ್ತನೇ ಸೀಟಿಗೆ ಇಬ್ಬರು ಉಳಿದರು.

ಒಬ್ಬಳು ಬಸವೇಶ್ವರನಗರದ ಹುಡುಗಿ, ತಂದೆ ವಕೀಲರು. ಪ್ರಥಮ ಭಾಷೆ ಕನ್ನಡದಲ್ಲಿ 125ಕ್ಕೆ 109. ಇನ್ನೊಬ್ಬ ಸುಂಕದಕಟ್ಟೆಯ ಸರ್ಕಾರಿ ಶಾಲೆಯಿಂದ ಬಂದವನು, 125ಕ್ಕೆ 121. ಒಟ್ಟು ಶೇಕಡಾವಾರು ಇಬ್ಬರದೂ ಹೆಚ್ಚುಕಡಿಮೆ ಒಂದೇ. ಈಚೆಗೆ ಯಾವ ಪುಸ್ತಕ ಓದಿದೆ ಎಂದು ಕೇಳಿದೆ. ಹುಡುಗಿ ತೇಜಸ್ವಿಯವರ 'ಕರ್ವಾಲೊ' ಎಂದಳು. ಮಂದಣ್ಣನ ಬಗ್ಗೆ ಐದು ನಿಮಿಷ ಮಾತಾಡಿದಳು. ಊರವರ ಕಣ್ಣಿಗೆ ನಿಷ್ಪ್ರಯೋಜಕನಾಗಿ ಕಾಣುವವನೊಳಗೆ ವಿಜ್ಞಾನಿ ಕರ್ವಾಲೊ ಒಬ್ಬ ನಿಸರ್ಗತಜ್ಞನನ್ನು ಕಾಣುವುದು ತನಗೆ ತುಂಬಾ ಹಿಡಿಸಿತು ಎಂದಳು. ಯಾರೋ ಹೇಳಿಕೊಟ್ಟ ಮಾತಾಗಿರಲಿಲ್ಲ ಅದು, ನಿಜವಾಗಿ ಓದಿದ್ದಳು. ಹುಡುಗ ಅದೇ ಪ್ರಶ್ನೆಗೆ, "ಪಾಠದ್ ಪುಸ್ತಕ ಓದಿದೀನಿ ಸಾರ್" ಅಂದ. ರಜೆಯಲ್ಲಿ ಏನು ಮಾಡಿದೆ ಎಂದರೆ, "ಅಪ್ಪನ್ ಜೊತೆ ಲೇತ್ ಶಾಪಿಗೆ ಹೋಗ್ತಿದ್ದೆ ಸಾರ್, ಕಾಮಾಕ್ಷಿಪಾಳ್ಯದಲ್ಲಿ." ಭೌತಶಾಸ್ತ್ರದ ಸಹೋದ್ಯೋಗಿ, ಅಲ್ಲೇನು ಮಾಡ್ತಿದ್ದೆ ಎಂದು ಕೇಳಿದರು. "ಪೀಸ್ ಆದ್ಮೇಲೆ ಅಂಚು ಉಜ್ಜಿ ಅಳತೆ ನೋಡ್ತಿದ್ದೆ." ಆಮೇಲೆ ಯಾರಿಗೂ ಮುಂದಿನ ಪ್ರಶ್ನೆ ಹೊಳೆಯಲಿಲ್ಲ. ಮೂವರೂ ಮುಖ ಮುಖ ನೋಡಿಕೊಂಡೆವು. ಆಯಿತಪ್ಪಾ, ಹೊರಗೆ ಕೂತಿರು ಎಂದೆ.

ಸೀಟು ಹುಡುಗಿಗೆ ಹೋಯಿತು. ನನ್ನ ಅಂಕವೇ ನಿರ್ಣಾಯಕ. ಅವಳು ಚೆನ್ನಾಗಿ ಓದಿದಳು, ಕಾಲೇಜಿನ ವಾರ್ಷಿಕ ಸಂಚಿಕೆಗೆ ಒಳ್ಳೆಯ ಕತೆಯೊಂದನ್ನು ಕೊಟ್ಟಳು. ಅವಳ ಬಗ್ಗೆ ನನ್ನದು ಒಂದು ಅಪಸ್ವರವೂ ಇಲ್ಲ. ಹುಡುಗ ಎಲ್ಲಿಗೆ ಸೇರಿದನೋ ತಿಳಿಯದು. ಐಟಿಐಗೆ ಹೋಗಿರಬಹುದು, ಇನ್ನೊಂದು ಕಾಲೇಜಿಗೆ ಹೋಗಿ ಈಗ ನನಗಿಂತ ಹೆಚ್ಚು ಸಂಬಳ ಎಣಿಸುತ್ತಿರಬಹುದು.

ಎರಡು ವರ್ಷವಾದ ಮೇಲೆ 'ಕರ್ವಾಲೊ' ಕುರಿತು ವಿಚಾರಸಂಕಿರಣವೊಂದಕ್ಕೆ ಪ್ರಬಂಧ ಬರೆಯಲು ಕೂತೆ. ಮಂದಣ್ಣನ ಕೈಯ ಜ್ಞಾನ, ಪಟ್ಟಿಗೆ ಸಿಗದ ಜ್ಞಾನ ಎಂದು ಎರಡು ಪುಟ ಬರೆದು ಪೆನ್ನು ಕೆಳಗಿಟ್ಟೆ. ಜೇನಿನ ಹಿಂದೆ ಅಲೆಯುವ ಮಂದಣ್ಣ ನಮ್ಮ ಕೋಣೆಗೆ ಬಂದು ಯಾವ ಪುಸ್ತಕ ಓದಿದೆ ಎಂಬ ಪ್ರಶ್ನೆಗೆ ತಲೆ ತಗ್ಗಿಸಿ ನಿಂತಿದ್ದರೆ ನಾನು ಏನು ಮಾಡುತ್ತಿದ್ದೆ? ಮಂದಣ್ಣನ ಬಗ್ಗೆ ಚೆನ್ನಾಗಿ ಮಾತಾಡಿದವರಿಗೆ ಸೀಟು ಕೊಟ್ಟಿದ್ದೆ. ಅಳತೆ ನೋಡುತ್ತಿದ್ದೆ ಎಂದವನಿಗೆ ಎಷ್ಟು ಸೂಕ್ಷ್ಮದವರೆಗೆ ನೋಡುತ್ತಿದ್ದೆ, ಯಾವುದರಿಂದ ನೋಡುತ್ತಿದ್ದೆ, ಪೀಸು ಕೆಟ್ಟರೆ ಹೇಗೆ ಗೊತ್ತಾಗುತ್ತಿತ್ತು ಎಂದು ಒಂದು ಮಾತು ಕೇಳಿರಲಿಲ್ಲ. ಕರ್ವಾಲೊ ಕೇಳುತ್ತಿದ್ದರು. ಪ್ರಬಂಧ ಮಂಡಿಸಲಿಲ್ಲ, ಆರೋಗ್ಯ ಸರಿಯಿಲ್ಲವೆಂದು ಸುಳ್ಳು ಹೇಳಿದೆ.

ಇನ್ನೂ ಒಂದು ಮುಳ್ಳಿದೆ. ಆ ಹುಡುಗನ ಕನ್ನಡದ ಅಂಕ 121. ಕನ್ನಡಕ್ಕೆ ತೂಕವಿಲ್ಲ ಎಂದು ಊರೆಲ್ಲ ಗೋಳಾಡುವ ಕನ್ನಡ ಮೇಷ್ಟ್ರು, ಕೈಗೆ ತಕ್ಕಡಿ ಬಂದ ದಿನ, ಹನ್ನೆರಡು ಅಂಕದ ಆ ವ್ಯತ್ಯಾಸವನ್ನು ಪಕ್ಕಕ್ಕಿಟ್ಟಿದ್ದ. ಅಂಕವೆಂದರೆ ಉರು ಹೊಡೆದದ್ದು, ಕಾದಂಬರಿ ಎಂದರೆ ನಿಜವಾದ ಕನ್ನಡ ಎಂಬ ನನ್ನ ಒಳಗಿನ ಮೇಲು-ಕೀಳು ಅಲ್ಲಿ ಕೆಲಸ ಮಾಡಿತ್ತು. ಮನೆಯಲ್ಲಿ ಪುಸ್ತಕದ ಕಪಾಟಿರುವವರ ಕನ್ನಡವನ್ನು ಕನ್ನಡವೆಂದು, ಸರ್ಕಾರಿ ಶಾಲೆಯ ಬೆಂಚಿನ ಮೇಲೆ ಕಲಿತ ಕನ್ನಡವನ್ನು ಅಂಕವೆಂದು ಎಣಿಸಿದ್ದೆ. ಸಿದ್ಧಲಿಂಗಯ್ಯನವರ 'ಊರುಕೇರಿ'ಯನ್ನು ತರಗತಿಯಲ್ಲಿ ನಗುನಗುತ್ತಾ ಓದಿ ಹೇಳುವವನು ನಾನು. ಶ್ರೀರಾಂಪುರದ ಬಡ ಕೇರಿಯಲ್ಲಿ, ಗೋಪಾಲಪುರದ ಹಾಸ್ಟೆಲಿನಲ್ಲಿ ಬೆಳೆದ ಆ ಬಾಲಕ ನಮ್ಮ ಈ ಮೇಜಿನ ಮುಂದೆ ಯಾವ ಬಾಬಿನಲ್ಲಿ ಎಷ್ಟು ಅಂಕ ಪಡೆಯುತ್ತಿದ್ದ ಎಂಬ ಪ್ರಶ್ನೆ ಈಗೀಗ ಓದುವಾಗ ಅಡ್ಡ ಬರುತ್ತದೆ, ನಗು ತಡವಾಗುತ್ತದೆ.

ಹಾಗಾದರೆ ಸಿಇಟಿಯ ರ‍್ಯಾಂಕಿಗೆ ಕನ್ನಡವನ್ನು ಸೇರಿಸಿ ಎಂದು ಕೇಳಬೇಕೇ? ಈ ಬೇಡಿಕೆಯನ್ನು ವೇದಿಕೆಗಳಲ್ಲಿ ನಾನೇ ಇಟ್ಟಿದ್ದೇನೆ. ಈಗ ಅಳುಕು. ಸೇರಿಸಿದ ಮರುವರ್ಷವೇ ಕಾರ್ಡ್ ರೋಡಿನ ಜಾಹೀರಾತು ಫಲಕಗಳಲ್ಲಿ ಕನ್ನಡ ಕ್ರ್ಯಾಶ್ ಕೋರ್ಸ್ ಬರುತ್ತದೆ. ವಚನಕ್ಕೆ ನಾಲ್ಕು ಆಯ್ಕೆ, ಕುಮಾರವ್ಯಾಸನಿಗೆ ಶಾರ್ಟ್‌ಕಟ್. 2023-24ರಿಂದ ಪಿಯುಸಿ ಭಾಷೆಗಳಿಗೂ 20 ಅಂಕ ಆಂತರಿಕ ಮೌಲ್ಯಮಾಪನ ಬಂತಲ್ಲ, ಅದನ್ನು ನಾವು ಹೇಗೆ ಹಂಚುತ್ತಿದ್ದೇವೆ ಎಂಬುದು ನಮಗೆ ಗೊತ್ತು. ಇಪ್ಪತ್ತಕ್ಕೆ ಇಪ್ಪತ್ತು, ಸಿಟ್ಟು ಬಂದವರಿಗೆ ಹತ್ತೊಂಬತ್ತು. ಅಷ್ಟಾದರೂ ಒಂದು ಮಾತು ಬಿಟ್ಟುಕೊಡಲಾರೆ. 125 ಇರುವ ಹತ್ತನೇ ತರಗತಿಯಲ್ಲಿ ಸುಂಕದಕಟ್ಟೆಯ ಆ ಹುಡುಗ ಗಣಿತದಷ್ಟೇ ಶ್ರದ್ಧೆಯಿಂದ ಕನ್ನಡ ಓದಿದ್ದ. ಉರು ಹೊಡೆದೇ ಇರಲಿ, ಓದಿದ್ದ. ಸೊನ್ನೆಯಿರುವ ನನ್ನ ತರಗತಿಯಲ್ಲಿ ಕನ್ನಡ ಇಷ್ಟ ಎಂದವಳೇ ಓದುತ್ತಿಲ್ಲ.

ಕನ್ನಡಕ್ಕೆ ಪ್ರವೇಶದಲ್ಲಿ ಜಾಗವೇ ಇಲ್ಲ ಎಂದೂ ಹೇಳುವಂತಿಲ್ಲ. ಇರುವ ಜಾಗಗಳು ವಿಚಿತ್ರವಾಗಿವೆ. ಸಿಇಟಿ ಸೀಟುಗಳಲ್ಲಿ ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5, ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೆ ಶೇ. 15 ಮೀಸಲು. ಇದು ಒಳ್ಳೆಯದೇ, ಆದರೆ ತೂಗುವುದು ಮಗು ಓದಿದ ಶಾಲೆಯನ್ನು. ನಮ್ಮ ಕಾಲೇಜಿನಿಂದ ಆಟೋದಲ್ಲಿ ಹೋಗಬಹುದಾದ ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ. 25 ಸೀಟು ಕೊಡಲು ಸರ್ಕಾರ 2020ರಲ್ಲಿ ಕಾಯಿದೆ ತಿದ್ದಿತು. ಆ ಸೆಪ್ಟೆಂಬರಿನಲ್ಲೇ ಹೈಕೋರ್ಟ್ ತಿದ್ದುಪಡಿಯನ್ನು ರದ್ದು ಮಾಡಿತು. ಮರುವರ್ಷ ಸಂಸ್ಥೆ ತಾನಾಗಿಯೇ ಶೇ. 25 ಜಾರಿಗೆ ತಂದಿತು. ತಿದ್ದುಪಡಿಯ ಪ್ರಕಾರ ಕರ್ನಾಟಕದ ವಿದ್ಯಾರ್ಥಿ ಎಂದರೆ ರಾಜ್ಯದಲ್ಲಿ ಹತ್ತು ವರ್ಷ ಓದಿದವರು. ಕೆಂಗೇರಿಯ ಅಪಾರ್ಟ್‌ಮೆಂಟಿನ ಒಡಿಯಾ ಕಾವಲುಗಾರರ ಮಗಳೂ ಇದರಲ್ಲಿ ಬರುತ್ತಾಳೆ, ಬರಲಿ, ಸಂತೋಷ. ಆದರೆ ಪ್ರವೇಶ ಪರೀಕ್ಷೆ ಇಂಗ್ಲಿಷಿನಲ್ಲಿ. ಇಲ್ಲೂ ಕನ್ನಡ ಬಲ್ಲೆಯಾ ಎಂದು ಕೇಳುವವರಿಲ್ಲ.

ಇಡೀ ಸಿಇಟಿ ವ್ಯವಸ್ಥೆಯಲ್ಲಿ ಕನ್ನಡವನ್ನು ಕನ್ನಡವಾಗಿಯೇ ಪರೀಕ್ಷಿಸುವ ಜಾಗ ನನಗೆ ಕಂಡದ್ದು ಒಂದೇ. ಕಾಸರಗೋಡು, ಅಕ್ಕಲಕೋಟೆ, ಜತ್ತದಂಥ ಗಡಿನಾಡಿನಿಂದಲೋ ಹೊರನಾಡಿನಿಂದಲೋ ಬಂದು ಕನ್ನಡಿಗರೆಂಬ ನೆಲೆಯಲ್ಲಿ ಸೀಟು ಕೇಳುವ ಮಕ್ಕಳಿಗೆ 50 ಅಂಕದ ಕನ್ನಡ ಪರೀಕ್ಷೆ ಇದೆ. 12 ಬಂದರೆ ಪಾಸು. ಕಾಸರಗೋಡಿನ ಹುಡುಗಿ ತಾನು ಕನ್ನಡದವಳೆಂದು ಉತ್ತರಪತ್ರಿಕೆಯಲ್ಲಿ ಬರೆದು ತೋರಿಸಬೇಕು. ವಿಜಯನಗರದಲ್ಲಿ ಹುಟ್ಟಿದವಳಿಗೆ ಆ ಕಷ್ಟವಿಲ್ಲ.

ಈ ವರ್ಷವೂ ಪ್ರತಿಭಾ ಸೀಟಿನ ಸಮಿತಿಯಲ್ಲಿ ನನ್ನ ಹೆಸರಿದೆ. ಬೇಡವೆಂದು ಪತ್ರ ಬರೆದಿಟ್ಟು, ಕೊಡದೆ ಹರಿದೆ. ನಾನಿಲ್ಲದಿದ್ದರೆ ಯಾರು ಕೂರುತ್ತಾರೆಂದು ಗೊತ್ತಿತ್ತು. ಸಂದರ್ಶನಕ್ಕೆ ಪ್ರಶ್ನೆಗಳ ಪಟ್ಟಿ ಕೊಡಿ ಎಂದಿದ್ದಾರೆ. ಓದಿದ ಪುಸ್ತಕದ ಪ್ರಶ್ನೆಯನ್ನು ತೆಗೆದಿಲ್ಲ, ಎರಡನೆಯದಾಗಿ ಇಟ್ಟಿದ್ದೇನೆ. ಮೊದಲನೆಯದು, ನಿನ್ನ ಮನೆಯಲ್ಲಿ ಯಾರಾದರೂ ಮಾಡುವ ಒಂದು ಕೆಲಸವನ್ನು ನಮಗೆ ಗೊತ್ತಾಗುವ ಹಾಗೆ ವಿವರಿಸು. ಭೌತಶಾಸ್ತ್ರದ ಸಹೋದ್ಯೋಗಿ ಅದನ್ನು ಓದಿ, "ಒಳ್ಳೆ ಪ್ರಶ್ನೆ. ಮುಂದಿನ ವರ್ಷದ ಹೊತ್ತಿಗೆ ಇದಕ್ಕೂ ಟ್ಯೂಷನ್ ಶುರುವಾಗುತ್ತೆ ನೋಡಿ" ಎಂದು ನಕ್ಕರು. ಈ ವರ್ಷಕ್ಕಂತೂ ಆಗಿಲ್ಲ. ಸಂದರ್ಶನ ಬರುವ ಸೋಮವಾರ, ಹತ್ತು ಗಂಟೆಗೆ.